ನಾಗವಲ್ಲಿ ಯಾರನ್ನು ಕೊಂದಳು?

ಯಳಂದೂರಿನ ಬಸ್ ನಿಲ್ದಾಣದ ಸಮೀಪದ ಚಹಾದಂಗಡಿಯೊಂದರಲ್ಲಿ ಕುಳಿತಿದ್ದೆವು. ಟಿ.ವಿ.ಯಲ್ಲಿ 'ಆಪ್ತರಕ್ಷಕ' ಬರುತ್ತಿತ್ತು. ಎಷ್ಟನೇ ಸಲವೋ ಏನೋ. ಅಂಗಡಿಯವರು ಹಾಲು ಕಾಯಿಸುತ್ತಲೇ ಪರದೆಯ ಕಡೆ ನೋಡಿ, "ಇಂತಾ ಮನ್ಸನ್ನೂ ಬುಡ್ನಿಲ್ವಲ್ಲ ಸಾ ಅವ್ಳು" ಎಂದರು. 'ಅವಳು' ಯಾರೆಂದು ಅಲ್ಲಿದ್ದ ಯಾರೂ ಕೇಳಲಿಲ್ಲ. ಕೇಳುವ ಅಗತ್ಯವೂ ಇರಲಿಲ್ಲ. ನಾಗವಲ್ಲಿ ವಿಷ್ಣುವರ್ಧನ್ ಅವರನ್ನು ಕೊಂದಳು, ಅದಕ್ಕೂ ಮೊದಲು ಸೌಂದರ್ಯಾ ಅವರನ್ನು ಕೊಂದಳು ಎಂಬುದು ನಮ್ಮ ಸೀಮೆಯಲ್ಲಿ ವದಂತಿಯ ಹಂತವನ್ನು ದಾಟಿ, ಇತಿಹಾಸದ ಸ್ಥಾನಕ್ಕೆ ಬಂದು ಬಹಳ ಕಾಲವಾಯಿತು.

ಒಂದು ಚಿತ್ರ ಒಳ್ಳೆಯದೋ ಕೆಟ್ಟದ್ದೋ ಎಂದು ಬರೆಯುವವರು ಬೇಕಾದಷ್ಟು ಜನರಿದ್ದಾರೆ. ಚಿತ್ರವನ್ನು ನೋಡಿದ ಜನ ಏನೆಂದರು, ಯಾಕೆ ಹಾಗೆಂದರು ಎಂಬುದನ್ನು ವಿಮರ್ಶಕರು ಸಾಮಾನ್ಯವಾಗಿ ಕಡೆಗಣಿಸುತ್ತಾರೆ. 'ಆಪ್ತರಕ್ಷಕ'ದ ವಿಷಯದಲ್ಲಿ ಮಾತ್ರ ಹಾಗೆ ಮಾಡಿದರೆ ಚಿತ್ರವೇ ಅರ್ಥವಾಗುವುದಿಲ್ಲ. ಯಾಕೆಂದರೆ, ಈ ಚಿತ್ರದ ಅರ್ಧ ಕಥೆಯನ್ನು ಬರೆದವರು ಪ್ರೇಕ್ಷಕರೇ ಎಂಬುದು ನಮ್ಮ ಅಭಿಪ್ರಾಯ.

ಮೂಲದಿಂದ ಶುರು ಮಾಡೋಣ. 1993ರಲ್ಲಿ ಮಲಯಾಳದಲ್ಲಿ ಫಾಝಿಲ್ ಅವರು 'ಮಣಿಚಿತ್ರತ್ತಾಳ್' ಎಂಬ ಚಿತ್ರ ನಿರ್ದೇಶಿಸಿದರು. ಚಿತ್ರಕಥೆ ಮಧು ಮುಟ್ಟಂ ಅವರದ್ದು. ಹಳೆಯ ಮನೆ, ಬೀಗ ಹಾಕಿದ ಕೋಣೆ, ಅಲ್ಲಿ ನಾಗವಲ್ಲಿ ಎಂಬ ನರ್ತಕಿಯ ಆತ್ಮವಿದೆ ಎಂಬ ನಂಬಿಕೆ. ಆ ನರ್ತಕಿ ಒಬ್ಬ ನೃತ್ಯಗಾರನನ್ನು ಪ್ರೀತಿಸಿದ್ದಳು. ಅವಳನ್ನು ತನ್ನವಳಾಗಿ ಇಟ್ಟುಕೊಳ್ಳಬಯಸಿದ ಯಜಮಾನ ಅವಳನ್ನು ಕೊಂದ. ಮನೆಗೆ ಬಂದ ಸೊಸೆ ಗಂಗಾ ಆ ಕೋಣೆಯ ಬಾಗಿಲು ತೆಗೆಸುತ್ತಾಳೆ. ಅನಂತರ ನಡೆಯುವ ಅನಾಹುತಗಳಿಗೆಲ್ಲ ದೆವ್ವವೇ ಕಾರಣವೆಂದು ಮನೆಯವರು ನಡುಗುತ್ತಿರುವಾಗ ಬರುವ ಮನೋವೈದ್ಯ, ಇಲ್ಲಿ ದೆವ್ವವಿಲ್ಲ, ಒಂಟಿ ಬಾಲ್ಯದ ನೋವು ಹೊತ್ತ ಗಂಗಾಳ ಮನಸ್ಸು ನಾಗವಲ್ಲಿಯ ಕಥೆಯನ್ನು ತನ್ನದಾಗಿ ಮಾಡಿಕೊಂಡಿದೆ ಎನ್ನುತ್ತಾನೆ. ಗಂಗಾ ಪಾತ್ರಕ್ಕೆ ಶೋಭನಾ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ಒಂದು ರಾತ್ರಿಯ ಉಪಾಯದಿಂದ ಇಂಥ ಕಾಯಿಲೆ ವಾಸಿಯಾಗುವುದಿಲ್ಲವೆಂದು ಮನೋವೈದ್ಯರು ಹೇಳಿಯಾರು, ಅದು ನಿಜವೇ. ಆದರೂ ಭಾರತೀಯ ಜನಪ್ರಿಯ ಚಿತ್ರವೊಂದು ಎರಡೂವರೆ ಗಂಟೆ ಹೆದರಿಸಿ ಕೊನೆಗೆ 'ಇವಳಿಗೆ ಹೊಡೆಯಬೇಡಿ, ಇವಳಿಗೆ ಹುಷಾರಿಲ್ಲ' ಎಂದದ್ದು ಸಣ್ಣ ಸಂಗತಿಯಲ್ಲ.

ಅದೇ ಕಥೆ 2004ರ ಆಗಸ್ಟ್ 27ರಂದು 'ಆಪ್ತಮಿತ್ರ'ವಾಗಿ ಕನ್ನಡಕ್ಕೆ ಬಂತು. ನಿರ್ಮಾಣ ದ್ವಾರಕೀಶ್, ನಿರ್ದೇಶನ ಪಿ. ವಾಸು. ವಿಷ್ಣುವರ್ಧನ್ ಮನೋವೈದ್ಯ, ಸೌಂದರ್ಯಾ ಗಂಗಾ, ರಮೇಶ್ ಅರವಿಂದ್ ಅವಳ ಗಂಡ, ಅವಿನಾಶ್ ಆಚಾರ್ಯರು. ಚಿತ್ರಮಂದಿರಗಳಲ್ಲಿ ವರ್ಷಗಟ್ಟಲೆ ಓಡಿತು. ಇಲ್ಲಿಯೂ ವೈದ್ಯ ಹೇಳುವುದು ಅದನ್ನೇ: ಇದು ಕಾಯಿಲೆ. ಆಚಾರ್ಯರೂ ವೈದ್ಯನ ಮಾತು ಕೇಳಿ ಅವನ ಜೊತೆ ನಿಲ್ಲುತ್ತಾರೆ. ರಾಜನನ್ನು ಕೊಂದೆನೆಂದು ಅವಳು ನಂಬುವಂತೆ ಒಂದು ಬೊಂಬೆಯ ಉಪಾಯ ಹೂಡಲಾಗುತ್ತದೆ. ಸೇಡು ತೀರಿತೆಂದು ಆ ಮನಸ್ಸು ಶಾಂತವಾಗುತ್ತದೆ.

ಇದನ್ನೆಲ್ಲ ನೋಡಿ ಎದ್ದುಬಂದ ನಾವು ಏನನ್ನು ತಂದೆವು? ಒಂದು ಸಣ್ಣ ಪರೀಕ್ಷೆ ಮಾಡಿ ನೋಡಿ. ಆ ಚಿತ್ರದಲ್ಲಿ ಕಾಯಿಲೆ ಬಿದ್ದ ಹೆಣ್ಣುಮಗಳ ಹೆಸರೇನೆಂದು ಯಾರನ್ನಾದರೂ ಕೇಳಿ. ಹತ್ತರಲ್ಲಿ ಒಂಬತ್ತು ಜನ 'ನಾಗವಲ್ಲಿ' ಎನ್ನುತ್ತಾರೆ. ಗಂಗಾ ಎಂಬ ಹೆಸರು ಯಾರ ನೆನಪಿನಲ್ಲೂ ಉಳಿದಿಲ್ಲ. ಚಿತ್ರ ಯಾರನ್ನು ಉಳಿಸಲು ಹೆಣಗಿತೋ ಅವಳನ್ನೇ ನಾವು ಮರೆತು, ಚಿತ್ರ ಯಾರನ್ನು ಇಲ್ಲವೆಂದಿತೋ ಅವಳನ್ನು ಮನೆಗೆ ಕರೆದುಕೊಂಡು ಬಂದೆವು. ಅಂದಿನಿಂದ ಕೂದಲು ಬಿಟ್ಟುಕೊಂಡು ಕೂತ ಹುಡುಗಿ ನಾಗವಲ್ಲಿ, ಸಿಟ್ಟಿನಿಂದ ಕಣ್ಣರಳಿಸಿದ ಹೆಂಡತಿ ನಾಗವಲ್ಲಿ, ಎದುರು ಮಾತಾಡಿದ ಸೊಸೆಯೂ ನಾಗವಲ್ಲಿ. ತಮಾಷೆಗೆ ಹೇಳುತ್ತೇವೆ ಎನ್ನುವಿರಿ. ಇರಬಹುದು. ಗಂಡು ಸಿಟ್ಟಾದರೆ ಅವನಿಗೆ ಇಂಥದೊಂದು ಹೆಸರಿಲ್ಲ ಎಂಬುದನ್ನೂ ಗಮನಿಸಬೇಕು.

ಪ್ರೇಕ್ಷಕರನ್ನು ಮಾತ್ರ ದೂರುವುದು ತಪ್ಪು. ಇಲ್ಲೊಂದು ವಿಚಿತ್ರ ಸಂಗತಿಯಿದೆ. ಸೌಂದರ್ಯಾ ತೀರಿಕೊಂಡದ್ದು 2004ರ ಏಪ್ರಿಲ್ 17ರಂದು, ಚುನಾವಣಾ ಪ್ರಚಾರಕ್ಕೆ ಹೊರಟ ಸಣ್ಣ ವಿಮಾನ ಬೆಂಗಳೂರಿನ ಜಕ್ಕೂರಿನಿಂದ ಮೇಲೇರಿದ ಕೆಲವೇ ಕ್ಷಣಗಳಲ್ಲಿ ಬಿದ್ದು. ಚಿತ್ರ ತೆರೆಗೆ ಬಂದದ್ದು ನಾಲ್ಕು ತಿಂಗಳು ಹತ್ತು ದಿನಗಳ ನಂತರ. (ನಮ್ಮಲ್ಲಿ ಗಂಡನನ್ನು ಕಳೆದುಕೊಂಡ ಹೆಣ್ಣಿನ ಇದ್ದತ್‌ನ ಅವಧಿಯೂ ನಾಲ್ಕು ತಿಂಗಳು ಹತ್ತು ದಿನ. ಲೆಕ್ಕ ಚಾಂದ್ರಮಾನದ್ದು, ಹೋಲಿಕೆ ಆಕಸ್ಮಿಕ.) ಹೀಗಾಗಿ, ಸತ್ತ ನರ್ತಕಿ ಜೀವಂತ ಹೆಣ್ಣಿನ ಮೈಯಲ್ಲಿ ಬಂದಳೆಂಬ ಕಥೆಯನ್ನು ಜನ ನೋಡಿದ್ದು ಆಗಲೇ ತೀರಿಹೋಗಿದ್ದ ನಟಿಯ ಮುಖದಲ್ಲಿ. ಪರದೆಯ ಮೇಲೆ ಅವಳು ನಗುತ್ತಾಳೆ, ಕುಣಿಯುತ್ತಾಳೆ, ಅಬ್ಬರಿಸುತ್ತಾಳೆ. ಮನೆಗೆ ಹೋದರೆ ಅವಳಿಲ್ಲ. 'ದೆವ್ವವಿಲ್ಲ' ಎಂದು ವೈದ್ಯ ಎಷ್ಟು ಹೇಳಿದರೇನು? ಕತ್ತಲಲ್ಲಿ ಕುಳಿತವರಿಗೆ ಸತ್ತವಳೊಬ್ಬಳು ಕಣ್ಣೆದುರೇ ಕಾಣುತ್ತಿದ್ದಳು. ಮಲಯಾಳದ ಪ್ರೇಕ್ಷಕರಿಗೆ, ಅನಂತರ 'ಚಂದ್ರಮುಖಿ'ಯ ತಮಿಳು ಪ್ರೇಕ್ಷಕರಿಗೆ ಇಲ್ಲದ ಅನುಭವ ಇದು. ಕನ್ನಡದವರ ಪಾಲಿಗೆ ಮಾತ್ರ ಬಂತು.

ಎರಡನೇ ಭಾಗದಲ್ಲಿ ಅದೇ ಮತ್ತೆ ನಡೆಯಿತು. ವಿಷ್ಣುವರ್ಧನ್ 2009ರ ಡಿಸೆಂಬರ್ 30ರ ನಸುಕಿನಲ್ಲಿ ಮೈಸೂರಿನಲ್ಲಿ ಹೃದಯಾಘಾತದಿಂದ ನಿಧನರಾದರು. ವಯಸ್ಸು 59. ಅವರ 200ನೇ ಚಿತ್ರವೆಂದು ಪ್ರಚಾರ ಪಡೆದಿದ್ದ 'ಆಪ್ತರಕ್ಷಕ' 2010ರ ಫೆಬ್ರವರಿ 19ರಂದು ಬಂತು. ಐವತ್ತೊಂದು ದಿನಗಳ ಹಿಂದೆ ತೀರಿಕೊಂಡ ನಾಯಕನನ್ನು ನೋಡಲು ಹೋದವರಲ್ಲಿ ಅರ್ಧ ಜನ ಅಂತಿಮ ದರ್ಶನಕ್ಕೆ ಹೋದಂತೆಯೇ ಹೋಗಿದ್ದರು. ಅವರಿಗೆ ಆ ಚಿತ್ರ ಕೊಟ್ಟದ್ದೇನು? ಇಲ್ಲಿದೆ ನಮ್ಮ ಮುಖ್ಯ ತಕರಾರು.

ಮೊದಲ ಚಿತ್ರ ಕಾಯಿಲೆ ಎಂದದ್ದನ್ನು ಎರಡನೆಯದು ಸದ್ದಿಲ್ಲದೆ ಹಿಂತೆಗೆದುಕೊಳ್ಳುತ್ತದೆ. ನಾಗವಲ್ಲಿಯ ಚಿತ್ರಪಟ ಒಂದು ಮನೆಗೆ ಬರುತ್ತದೆ. ಅದರ ಹಿಂದೆಯೇ ಅನಾಹುತಗಳು, ದೊಡ್ಡ ಹಾವು. ಅದೇ ಮನೋವೈದ್ಯ ಮತ್ತೆ ಬರುತ್ತಾನೆ, ಮನಸ್ಸಿನ ಕಾಯಿಲೆಯ ಬಗ್ಗೆ ಮತ್ತೆ ಮಾತಾಡುತ್ತಾನೆ. ಆದರೆ ಕಥೆ ಅವನ ಮಾತನ್ನು ಕೇಳುವುದಿಲ್ಲ. ನಾಗವಲ್ಲಿಯನ್ನು ಕೊಂದ ರಾಜ ವಿಜಯ ರಾಜೇಂದ್ರ ಬಹದ್ದೂರ್ ನೂರು ವರ್ಷ ದಾಟಿಯೂ ಸಾಯದೆ, ಮಾಂತ್ರಿಕ ಬಲದಿಂದ ಪಾಳುಕೋಟೆಯಲ್ಲಿ ಇನ್ನೂ ಬದುಕಿದ್ದಾನೆ! ಬ್ರಾಮ್ ಸ್ಟೋಕರ್ 1897ರಲ್ಲಿ ಬರೆದ 'ಡ್ರಾಕುಲಾ'ದ ಕೋಟೆಯ ಮುದುಕನನ್ನು ಬಲ್ಲವರಿಗೆ ಇವನ ಗುರುತು ಬೇಗ ಸಿಕ್ಕೀತು. ಮೊದಲ ಭಾಗದಲ್ಲಿ ರಾಜ ಒಂದು ಬೊಂಬೆಯಾಗಿದ್ದ. ಎರಡನೇ ಭಾಗದಲ್ಲಿ ಮೈತುಂಬಿ ಎದುರು ನಿಂತ. ರಾಜ ನಿಜವಾದರೆ ನಾಗವಲ್ಲಿಯೂ ನಿಜ. ಅವಳ ಸೇಡೂ ನಿಜ. ಗಂಗಾಳಿಗೆ ಕಾಯಿಲೆಯಾಗಿತ್ತೆಂಬ ಹಿಂದಿನ ಮಾತಿಗೆ ಬೆಲೆಯೇನು ಉಳಿಯಿತು?

ವಾಸು ಅವರಿಗೆ ಇದು ಗೊತ್ತಾಗದೆ ಆದ ತಪ್ಪೆಂದು ನಮಗನ್ನಿಸುವುದಿಲ್ಲ. ಐದೂವರೆ ವರ್ಷ ಜನ ಆಡಿದ ಮಾತನ್ನು ಅವರು ಕೇಳಿಸಿಕೊಂಡಿದ್ದರು. ಜನರಿಗೆ ಗಂಗಾ ಬೇಕಿರಲಿಲ್ಲ, ನಾಗವಲ್ಲಿ ಬೇಕಿತ್ತು. ಕೊಟ್ಟರು. ಅವರೊಬ್ಬರೇ ಅಲ್ಲ. ಹಿಂದಿಯ 'ಭೂಲ್ ಭುಲಯ್ಯಾ' 2007ರಲ್ಲಿ ಫಾಝಿಲ್ ಕಥೆಗೆ ನಿಷ್ಠವಾಗಿತ್ತು. 2022ರ ಎರಡನೇ ಭಾಗದಲ್ಲಿ ದೆವ್ವ ನಿಜವಾದ ದೆವ್ವವೇ ಆಯಿತು. ವಾಸು ಅವರೇ 2023ರಲ್ಲಿ ಮಾಡಿದ ತಮಿಳಿನ 'ಚಂದ್ರಮುಖಿ 2'ರಲ್ಲೂ ಅದೇ. ಮೂರು ಭಾಷೆಗಳ ಮುಂದುವರಿದ ಭಾಗಗಳು ಮೊದಲ ಭಾಗದ ಮನೋವೈದ್ಯನನ್ನು ಹೀಗೆ ಸುಳ್ಳುಗಾರನನ್ನಾಗಿ ಮಾಡಿವೆ. ಇಷ್ಟಾಗಿಯೂ 'ಆಪ್ತರಕ್ಷಕ'ದಲ್ಲಿ ವಿಷ್ಣುವರ್ಧನ್ ಅವರ ನಟನೆ ಕಡಿಮೆಯದೆಂದು ಯಾರೂ ಹೇಳಲಾರರು. ಆ ಮುದಿ ರಾಜನಲ್ಲಿ ಅವರು ತುಂಬಿದ ಕೇಡು, ಲವಲವಿಕೆ ಎರಡೂ ಅಪರೂಪದ್ದು. ಮರಣೋತ್ತರವಾಗಿ ರಾಜ್ಯ ಸರ್ಕಾರದ ಶ್ರೇಷ್ಠ ನಟ ಪ್ರಶಸ್ತಿ ಬಂದದ್ದು ನ್ಯಾಯವೇ. ಚಿತ್ರ ಗೆದ್ದದ್ದು ಅವರಿಂದ, ಅವರಿಲ್ಲವೆಂಬ ದುಃಖದಿಂದ.

ಅದೇ ಕಾಲದಲ್ಲಿ ಅಮೆರಿಕದಲ್ಲಿ ಸ್ಟೆಫನಿ ಮೆಯರ್ ಅವರ ರಕ್ತಪಿಶಾಚಿ ಪ್ರೇಮಕಥೆ 'ಟ್ವಿಲೈಟ್' ಸರಣಿಗೆ ಹುಚ್ಚು ಹಿಡಿದಂಥ ಓದುಗರಿದ್ದರು. 2008ರಲ್ಲಿ ನಾಲ್ಕನೇ ಕಾದಂಬರಿ ಬಂದಾಗ ಕಥೆ ಹಾದಿ ತಪ್ಪಿತೆಂದು ಸಿಟ್ಟಾದ ಕೆಲವರು, ಪುಸ್ತಕವನ್ನು ಅಂಗಡಿಗೇ ಹಿಂದಿರುಗಿಸಿ ಎಂದು ಉಳಿದವರಿಗೆ ಕರೆ ಕೊಟ್ಟರು. ನಗು ಬರುವಂಥ ಸಿಟ್ಟೇ ಇರಬಹುದು. ಆದರೆ ಆ ಸಿಟ್ಟು ಕಥೆಯ ಮೇಲಿತ್ತು, ಪಾತ್ರಕ್ಕೆ ಮೋಸವಾಯಿತೆಂಬ ಕಾರಣಕ್ಕಿತ್ತು. ಗಂಗಾಳಿಗೆ ಮೋಸವಾಯಿತೆಂದು ನಮ್ಮಲ್ಲಿ ಒಬ್ಬರಾದರೂ ಸಿಟ್ಟಾದದ್ದನ್ನು ನಾವು ಕೇಳಲಿಲ್ಲ.

ನಮ್ಮಲ್ಲಿ ಲೆಕ್ಕ ಶುರುವಾಯಿತು. ಮೊದಲ ಭಾಗಕ್ಕೆ ಒಂದು ಬಲಿ, ಎರಡನೆಯದಕ್ಕೆ ಇನ್ನೊಂದು. 'ನಾಗರಹಾವಿ'ನಿಂದ ಹೆಸರಾದವರು ನಾಗವಲ್ಲಿಯಲ್ಲಿ ಮುಗಿದರು ಎಂಬ ಮಾತನ್ನೂ ಕೇಳಿದ್ದೇವೆ. ಪತ್ರಿಕೆಗಳು ಬರೆದವು, ಸುದ್ದಿವಾಹಿನಿಗಳು ಗಂಟೆಗಟ್ಟಲೆ ಜ್ಯೋತಿಷಿಗಳನ್ನು ಕೂರಿಸಿ ಮಾತಾಡಿಸಿದವು. ವಿಷ್ಣುವರ್ಧನ್ ತೀರಿಕೊಂಡ ಹಿಂದಿನ ದಿನ, ಡಿಸೆಂಬರ್ 29ರಂದು, ಗಾಯಕ ಸಿ. ಅಶ್ವತ್ಥ್ ತೀರಿಕೊಂಡಿದ್ದರು. ಅವರ ಸಾವಿಗೆ ಯಾವ ದೆವ್ವವನ್ನೂ ಹುಡುಕಲಿಲ್ಲ. ಅವರು ಹಾಡಿದ ಭಾವಗೀತೆಗಳಲ್ಲಿ ದೆವ್ವವಿರಲಿಲ್ಲವಲ್ಲ! 1993ರಲ್ಲೇ ನಾಗವಲ್ಲಿಯಾಗಿ ಕುಣಿದ ಶೋಭನಾ ಅವರಿಗೆ 2025ರಲ್ಲಿ ಪದ್ಮಭೂಷಣ ಬಂತು. ತಮಿಳಿನಲ್ಲಿ ಜ್ಯೋತಿಕಾ, ಹಿಂದಿಯಲ್ಲಿ ವಿದ್ಯಾ ಬಾಲನ್ ಅದೇ ಪಾತ್ರ ಮಾಡಿ ಅನಂತರವೂ ಎಷ್ಟೋ ಚಿತ್ರಗಳಲ್ಲಿ ನಟಿಸಿದರು. ನಾಗವಲ್ಲಿಯನ್ನು ಮೂರು ಭಾಷೆಗಳಲ್ಲಿ ಮತ್ತೆ ಮತ್ತೆ ಕರೆತಂದ ವಾಸು ಅವರಿಗೇ ಏನೂ ಆಗಲಿಲ್ಲ. ಇಷ್ಟನ್ನೂ ಆ ಚಹಾದಂಗಡಿಯಲ್ಲಿ ಹೇಳಿದೆವು. ಕೊನೆಗೆ, 'ಆಪ್ತಮಿತ್ರ'ದ ನಿರ್ಮಾಪಕ ದ್ವಾರಕೀಶ್ 2024ರಲ್ಲಿ, 81ನೇ ವಯಸ್ಸಿನಲ್ಲಿ ತೀರಿಕೊಂಡರಲ್ಲ, ಅವರು ಯಾರ ಲೆಕ್ಕಕ್ಕೆ ಎಂದು ಕೇಳಿದೆವು. "ಅವ್ರು ವಯ್ಸಾಗಿ ವೋದ್ರು ಬುಡಿ ಸಾ" ಎಂದರು ಅಂಗಡಿಯವರು, ಲೋಟ ತೊಳೆಯುತ್ತಾ.

ಶಾಪದ ಲೆಕ್ಕ ನಡೆಯುವುದೇ ಹೀಗೆ, ಹೊಂದುವುದನ್ನು ಇಟ್ಟುಕೊಂಡು ಹೊಂದದ್ದನ್ನು ತೊಳೆದುಬಿಡುವುದು. ಚಾಮರಾಜನಗರ ಜಿಲ್ಲೆಯವರಾದ ನಮಗೆ ಇದು ಬೇರೆಯವರಿಗಿಂತ ಚೆನ್ನಾಗಿ ತಿಳಿದಿರಬೇಕಿತ್ತು. ಚಾಮರಾಜನಗರಕ್ಕೆ ಕಾಲಿಟ್ಟ ಮುಖ್ಯಮಂತ್ರಿ ಅಧಿಕಾರ ಕಳೆದುಕೊಳ್ಳುತ್ತಾರೆಂದು ದಶಕಗಳ ಕಾಲ ನಂಬಲಾಗಿತ್ತು. ದೇವರಾಜ ಅರಸು, ಗುಂಡೂರಾವ್, ರಾಮಕೃಷ್ಣ ಹೆಗಡೆ, ಬೊಮ್ಮಾಯಿ, ವೀರೇಂದ್ರ ಪಾಟೀಲ್ ಎಂದು ಪಟ್ಟಿಯೇ ಇತ್ತು. 1997ರಲ್ಲಿ ಜಿಲ್ಲೆಯ ಉದ್ಘಾಟನೆಯನ್ನೇ ಜೆ.ಎಚ್. ಪಟೇಲರು ಮಲೆ ಮಹದೇಶ್ವರ ಬೆಟ್ಟದಲ್ಲಿ ಮಾಡಿದರು. ಜಿಲ್ಲಾ ಕೇಂದ್ರಕ್ಕೆ ಬಾರದಿದ್ದರೂ 1999ರಲ್ಲಿ ಅವರ ಅಧಿಕಾರ ಹೋಯಿತು. ಅದನ್ನು ಯಾರೂ ಪಟ್ಟಿಗೆ ಸೇರಿಸಲಿಲ್ಲ. ಸಿದ್ದರಾಮಯ್ಯನವರು ಹಲವು ಸಲ ಬಂದು ಹೋಗಿ 2013ರಿಂದ 2018ರವರೆಗೆ ಐದು ವರ್ಷ ಪೂರೈಸಿದರು, 2023ರಲ್ಲಿ ಮತ್ತೆ ಮುಖ್ಯಮಂತ್ರಿಯಾದರು. ಮುಖ್ಯಮಂತ್ರಿಗಳು ಬಾರದ ಆ ವರ್ಷಗಳಲ್ಲಿ ಜಿಲ್ಲೆಗೆ ಆದ ನಷ್ಟವನ್ನು ತುಂಬಿಕೊಡುವವರು ಯಾರು?

ಇನ್ನೊಂದು ಕಥೆ ಇದಕ್ಕಿಂತ ಹಳೆಯದು. ಕೊಳ್ಳೇಗಾಲದಿಂದ ದೂರವಲ್ಲದ ತಲಕಾಡಿನ ಮರಳಿಗೆ, ಮೈಸೂರು ಅರಸರಿಗೆ ಮಕ್ಕಳಿಲ್ಲದ್ದಕ್ಕೆ ಅಲಮೇಲಮ್ಮನ ಶಾಪವೇ ಕಾರಣವೆಂದು ನಾವು ಬಾಲ್ಯದಿಂದ ಕೇಳುತ್ತಾ ಬಂದಿದ್ದೇವೆ. ಶ್ರೀರಂಗಪಟ್ಟಣ ರಾಜ ಒಡೆಯರ ಕೈಗೆ ಬಂದ 1610ರ ನಂತರ, ಒಡವೆಗಾಗಿ ಅಟ್ಟಿಸಿಕೊಂಡು ಬಂದವರಿಂದ ತಪ್ಪಿಸಿಕೊಳ್ಳಲು ಆಕೆ ಕಾವೇರಿಗೆ ಹಾರಿದಳೆಂದು ಕಥೆ. ಅಲಮೇಲಮ್ಮ, ನಾಗವಲ್ಲಿ ಇಬ್ಬರದೂ ಒಂದೇ ಚೌಕಟ್ಟು. ಬದುಕಿದ್ದಾಗ ನ್ಯಾಯ ಸಿಗದ ಹೆಣ್ಣಿಗೆ ಸತ್ತ ಮೇಲೆ ನಾವು ಅಪಾರ ಶಕ್ತಿಯನ್ನು ಕೊಡುತ್ತೇವೆ. ಇದರಲ್ಲಿ ಒಂದು ಬಗೆಯ ಪಶ್ಚಾತ್ತಾಪವೂ ಇದ್ದೀತು. ಆದರೆ ಆ ಶಕ್ತಿಯ ಭಯವನ್ನು ಹೊರಬೇಕಾಗಿ ಬರುವುದು ಮಾತ್ರ ಇನ್ಯಾವುದೋ ಮನೆಯ, ಇನ್ಯಾವುದೋ ಜೀವಂತ ಹೆಣ್ಣು.

ದೊಡ್ಡವರ ಸಾವಿಗೆ ದೊಡ್ಡ ಕಾರಣವೇ ಬೇಕೆನ್ನುವುದು ದುಃಖದ ಸ್ವಭಾವ. ಪ್ರವಾದಿಯವರ(ಸ) ಎಳೆಯ ಮಗ ಇಬ್ರಾಹೀಮ್ ತೀರಿಕೊಂಡ ದಿನ ಸೂರ್ಯಗ್ರಹಣವಾಯಿತು. ಮಗುವಿನ ಸಾವಿಗೇ ಸೂರ್ಯ ಮಂಕಾದನೆಂದು ಮದೀನಾದ ಜನ ಮಾತಾಡಿಕೊಂಡರು. ಯಾರ ಸಾವಿಗೂ, ಯಾರ ಹುಟ್ಟಿಗೂ ಸೂರ್ಯಚಂದ್ರರಿಗೆ ಗ್ರಹಣ ಹಿಡಿಯುವುದಿಲ್ಲವೆಂದು ಪ್ರವಾದಿ(ಸ) ಅವರನ್ನು ತಿದ್ದಿದರು. ಹಾಗೆ ತಿದ್ದಿದವರು ಅದೇ ದಿನ ಮಗನನ್ನು ಮಣ್ಣು ಮಾಡಿದ ತಂದೆ, ಕಣ್ಣೀರು ಹಾಕಿದ ತಂದೆ. ಅಭಿಮಾನಿಗಳ ದುಃಖವನ್ನು ನಾವು ಹಗುರವಾಗಿ ಕಾಣುತ್ತಿಲ್ಲ ಎಂಬುದಕ್ಕೆ ಇದನ್ನು ಹೇಳಿದೆವು.

ಯಳಂದೂರು ತಾಲ್ಲೂಕಿನ ಅಗರದಲ್ಲಿ 1898ರಲ್ಲಿ ಹುಟ್ಟಿದ ಒಬ್ಬ ನಾಟಕಕಾರರಿದ್ದರು, 'ಸಂಸ'. ಮೈಸೂರು ಅರಸರ ಕೋಟೆ, ಸಂಚು, ಸೇಡುಗಳನ್ನು ಅವರಂತೆ ಬರೆದವರು ಕನ್ನಡದಲ್ಲಿಲ್ಲ. ಉಳಿದುಬಂದಿರುವುದು ಆರು ನಾಟಕಗಳು, ಅವುಗಳಲ್ಲಿ 'ವಿಗಡ ವಿಕ್ರಮರಾಯ'ದ ಹೆಸರು ಎಲ್ಲರಿಗೂ ಗೊತ್ತು. ಪೊಲೀಸರು ತಮ್ಮ ಬೆನ್ನು ಹತ್ತಿದ್ದಾರೆಂಬ ಭಯ ಸಂಸರನ್ನು ಊರಿಂದೂರಿಗೆ ಅಟ್ಟಿತು. 1939ರಲ್ಲಿ ಅವರೇ ತಮ್ಮ ಬದುಕು ಮುಗಿಸಿಕೊಂಡರು. ಮನಸ್ಸಿನ ಕಾಯಿಲೆ ಎಂಬ ಮಾತನ್ನು ಅವರ ಬಗ್ಗೆ ಬರೆದವರೆಲ್ಲ ಗೌರವದಿಂದಲೇ ಬಳಸಿದ್ದಾರೆ. ಪ್ರತಿಭಾವಂತ ಗಂಡಸಿಗೆ ಬಂದಾಗ ಅದು ಕಾಯಿಲೆ, ದುರಂತ. ರೇಷ್ಮೆ ನೂಲು ತೆಗೆಯುವ ಹೆಣ್ಣಿಗೆ ಬಂದರೆ?

'ಆಪ್ತರಕ್ಷಕ' ಬಂದ ಮರುವರ್ಷ, ಕೊಳ್ಳೇಗಾಲದ ನಮ್ಮ ಪರಿಚಯದ ಮನೆಯೊಂದರಲ್ಲಿ ಸೊಸೆಗೆ ಹೆರಿಗೆಯಾಯಿತು. ಎರಡು ವಾರದ ಮೇಲೆ ಅವಳಿಗೆ ನಿದ್ದೆ ಹೋಯಿತು. ತಾನೇ ತಾನಾಗಿ ನಗುವುದು, ಮಗುವನ್ನು ನೋಡಿ ಹೆದರುವುದು, ತಲೆ ಬಾಚಿಸಿಕೊಳ್ಳದಿರುವುದು. ಹಿಂದಿನ ಕಾಲದ ಸೂಲಗಿತ್ತಿ ಇದ್ದಿದ್ದರೆ 'ಬಾಣಂತಿ ಸನ್ನಿ' ಎನ್ನುತ್ತಿದ್ದಳು. ಆ ಮಾತಿನಲ್ಲಿ ಕಾಯಿಲೆ ಎಂಬ ಅರಿವಾದರೂ ಇತ್ತು. ಓಣಿಯ ಮಕ್ಕಳು ಕಿಟಕಿಯಲ್ಲಿ ಇಣುಕಿ 'ನಾಗವಲ್ಲಿ, ನಾಗವಲ್ಲಿ' ಎಂದು ಕೂಗಿ ಓಡಿದವು. ಮಕ್ಕಳಿಂದ ದೊಡ್ಡವರಿಗೆ ಹರಡಿತು. ಮುಸ್ಲಿಮರ ಮನೆಯಾದ್ದರಿಂದ ಹೆಸರು 'ಜಿನ್ನ್' ಎಂದು ಬದಲಾಯಿತು, ಅಷ್ಟೇ ವ್ಯತ್ಯಾಸ. ಕೊಳ್ಳೇಗಾಲವೆಂದರೆ ಕೇಳಬೇಕೆ? ನಾಡಿನಾದ್ಯಂತ ಮಾಟ ತೆಗೆಸಲು ಜನ ನೆನೆಯುವ ಊರು. ಮಂತ್ರವಾದಿಗಳು ಎಲ್ಲ ಧರ್ಮದಲ್ಲೂ ಇದ್ದಾರೆ, ದರ ಮಾತ್ರ ಒಂದೇ. ಅವಳಿಗೆ ಹೊಗೆ ಹಾಕಿದರು, ಬೇವಿನ ಬರಲಿನಿಂದ ಹೊಡೆದರು. ಹೊಡೆದದ್ದು ತನಗಲ್ಲ, ಜಿನ್ನಿಗೆ ಎಂದು ಅವಳಿಗೇ ಹೇಳಿದರು. ಹಾಲಿಲ್ಲದೆ ಮಗು ಸೊರಗಿತು.

ಜಿನ್ನ್ ಇದೆಯೆಂದು ನಂಬುವುದು ಬೇರೆ, ನಿದ್ದೆಗೆಟ್ಟ ಬಾಣಂತಿಯಲ್ಲಿ ಜಿನ್ನನ್ನೇ ಹುಡುಕುವುದು ಬೇರೆ. ಕಾಯಿಲೆಗೆ ಚಿಕಿತ್ಸೆ ಮಾಡಿಸಿಕೊಳ್ಳಿ ಎಂಬ ಪ್ರವಾದಿಯವರ(ಸ) ಬೋಧನೆಯನ್ನು ಜ್ವರಕ್ಕೆ ಅನ್ವಯಿಸುವ ನಾವು ಮನಸ್ಸಿಗೆ ಅನ್ವಯಿಸುವುದಿಲ್ಲ. ಅದರ ಫಲ ಏನೆಂಬುದನ್ನು 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿ ತೋರಿಸಿತು. ದರ್ಗಾದ ಆಶ್ರಯಕ್ಕೆಂದು ತಂದುಬಿಟ್ಟ ರೋಗಿಗಳನ್ನು ಖಾಸಗಿ ಕೇಂದ್ರವೊಂದರಲ್ಲಿ ಸರಪಳಿಯಿಂದ ಕಟ್ಟಿದ್ದರು. ನಸುಕಿನಲ್ಲಿ ಬೆಂಕಿ ಹತ್ತಿತು. ಓಡಲಾಗದೆ 28 ಮಂದಿ ಸತ್ತರು. ರೋಗಿಗೆ ಸರಪಳಿ ಹಾಕುವುದನ್ನು 2017ರ ಮಾನಸಿಕ ಆರೋಗ್ಯ ಕಾಯ್ದೆ ನಿಷೇಧಿಸಿದೆ. ದೆವ್ವ ಬಿಡಿಸುವ ಹೆಸರಿನಲ್ಲಿ ಹಿಂಸಿಸುವುದರ ವಿರುದ್ಧ ಅದೇ ವರ್ಷ ಕರ್ನಾಟಕವೂ ಕಾಯ್ದೆ ಮಾಡಿತು. ಅಂದು ಸತ್ತವರ ಸಾವಿಗೆ ಯಾವ ವಾಹಿನಿಯೂ ಜ್ಯೋತಿಷಿಯನ್ನು ಕೂರಿಸಲಿಲ್ಲ, ಅವರು ತಾರೆಯರಾಗಿರಲಿಲ್ಲ.

ಕೊಳ್ಳೇಗಾಲದ ಆ ಹೆಣ್ಣುಮಗಳನ್ನು ಮೂರನೇ ತಿಂಗಳು ಅವಳ ಅಣ್ಣ ಜಗಳವಾಡಿ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದ. ನಿದ್ದೆ ಬಂತು, ಆಮೇಲೆ ನಿಧಾನವಾಗಿ ಉಳಿದದ್ದೂ ಬಂತು. ಆ ಮಗು ಈಗ ಹೈಸ್ಕೂಲು ಮುಗಿಸುವ ಹಂತದಲ್ಲಿದೆ. ಇತ್ತೀಚೆಗೆ ಆ ಮನೆಗೆ ಹೋದಾಗ ಅತ್ತೆ ಚಹಾ ತಂದರು. ಹಳೆಯದನ್ನೆಲ್ಲ ಕೆದಕುವುದು ಬೇಡವೆಂದುಕೊಂಡಿದ್ದೆವು, ಅವರೇ ಮಾತು ತೆಗೆದರು. "ಖಾಲಾ, ಈಗ ಏನನ್ನಿಸುತ್ತೆ, ಜಿನ್ನೋ ಕಾಯಿಲೆಯೋ?" ಎಂದು ಕೇಳಿದೆವು. ಅವರು ಸೊಸೆ ಒಳಗಿದ್ದಾಳೆಯೇ ಎಂದು ಒಮ್ಮೆ ತಿರುಗಿ ನೋಡಿ, ಉರ್ದುವಿನಲ್ಲಿ ಮೆಲ್ಲಗೆ ಹೇಳಿದರು: "ಅಲ್ಲಾಹ್‌ಗೆ ಗೊತ್ತು ಬೇಟಾ. ಡಾಕ್ಟರು ನಿಲ್ಲಿಸು ಅನ್ನೋವರೆಗೂ ಒಂದು ದಿನವೂ ಮಾತ್ರೆ ತಪ್ಪಿಸಲಿಲ್ಲ. ತಾಯತ ಇನ್ನೂ ಬಿಚ್ಚಿಲ್ಲ."